ಕೆಂಪು ಶಾಯಿಯಲ್ಲಿ 'ತಿದ್ದಿಸಿ'

ಕೊರೋನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ಹುಕ್ಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೆ. ಗೋಕಾಕದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದಕ್ಕೂ ಮುಂಚೆ ಏಳು ವರ್ಷ ಮೂಡಲಗಿಯಲ್ಲಿದ್ದೆ. ಆ ದಿನ ನಡೆದದ್ದನ್ನು ಹಲವರಿಗೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದು ನನಗೆ ಅನುಕೂಲವಾಗುವಂತೆ ಬದಲಾಗಿದೆ ಎಂಬ ಅನುಮಾನವಿರುವುದರಿಂದ ಹಳೆಯ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಿರುಪರೀಕ್ಷೆಯಲ್ಲಿ ನಪಾಸಾದವರ ಉತ್ತರ ಪತ್ರಿಕೆಯ ಮೇಲೆ 'ತಿದ್ದಿಸಿ, ಪಾಲಕರ ಸಹಿ ತರುವುದು' ಎಂದು ಕೆಂಪು ಶಾಯಿಯಲ್ಲಿ ಬರೆಯುವುದು ನನ್ನ ರೂಢಿ. ತಪ್ಪಿದ ಲೆಕ್ಕವನ್ನು ಮನೆಯಲ್ಲಿ ಮತ್ತೆ ಮಾಡಿಸಲಿ ಎಂಬುದು ಉದ್ದೇಶ. ಒಂಬತ್ತನೆಯ ತರಗತಿಯ ಸವಿತಾಳಿಗೆ ಇಪ್ಪತ್ತಕ್ಕೆ ಎರಡು ಅಂಕ ಬಂದಿತ್ತು.

ಮರುದಿನ ಎರಡನೆಯ ಪಿರಿಯಡ್‌ನಲ್ಲಿ ಅವಳ ತಂದೆ ಸಿದ್ದಪ್ಪ ಆ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತ. ನಾನೇ ಒಳಗೆ ಕರೆದೆ.

"ತಿದ್ದ್ರಿ ಅಂತ ಬರದೀರಲ್ರಿ ಸರ್. ತಿದ್ದಾಕ ಬಂದೇನ್ರಿ."

ಜಡೆ ಹಿಡಿದು ಅವಳನ್ನು ಬೆಂಚಿನಿಂದ ಎಳೆದ. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದು ತಡೆಯಲು ಎತ್ತಿದ ಬಲಗೈ ಮಣಿಕಟ್ಟಿಗೆ. ಮೂರನೆಯದಕ್ಕೆ ಕೋಲು ಮುರಿಯಿತು. ಆಮೇಲೆ ಬರಿಗೈಯಲ್ಲಿ ಹೊಡೆದ. ಬೆಂಚಿನ ಅಂಚಿಗೆ ತಾಗಿ ಅವಳ ತುಟಿ ಒಡೆದು ರಕ್ತ ಸುರಿಯಿತು. ಹಿಂದಿನಿಂದ ಅವನನ್ನು ಹಿಡಿದುಕೊಂಡೆ. ಅವನ ಮೊಣಕೈ ನನ್ನ ದವಡೆಗೆ ಬಡಿಯಿತು.

"ಬಿಡ್ರಿ ಸರ್. ನೀವು ಹೇಳಿದ ಕೆಲಸಾನ ಮಾಡಾಕತ್ತೇನಿ," ಎಂದ. ಹೋಗುವಾಗ ಮಗಳತ್ತ ತಿರುಗಿ, "ನಾಳಿಂದ ಸಾಲಿ ಬಂದ್. ಹೊಲಕ್ಕ ನಡಿ," ಎಂದ.

ಇಷ್ಟು ವರ್ಷ ಅವನು ಬಾರಕೋಲು ತಂದಿದ್ದ ಎಂದೇ ಹೇಳಿಕೊಂಡು ಬಂದಿದ್ದೆ. ಡೈರಿಯಲ್ಲಿ 'ಮೇಜಿನ ಮೇಲಿನ ನನ್ನ ಕೋಲು' ಎಂದಿದೆ. ಬೋರ್ಡು ತೋರಿಸಲು ಇಟ್ಟುಕೊಂಡದ್ದು ಎಂದು ಆಗ ಎಲ್ಲರಿಗೂ ಹೇಳುತ್ತಿದ್ದೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಮುಖ್ಯೋಪಾಧ್ಯಾಯಿನಿ ಪೊಲೀಸರಿಗೆ ತಿಳಿಸಿದರು. ಅವರು ಸಿದ್ದಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಆದರೂ ಸವಿತಾ ಶಾಲೆಗೆ ಬರಲಿಲ್ಲ. ಆಗ, ಸಿದ್ದಪ್ಪ ತರಗತಿಯಲ್ಲೇ ಬಿಟ್ಟುಹೋಗಿದ್ದ ಅವಳ ಪತ್ರಿಕೆಯನ್ನು ಮೊದಲ ಸಲ ಸರಿಯಾಗಿ ಓದಿದೆ. ನಾನು ಕೊನೆಯ ಉತ್ತರ ಮಾತ್ರ ನೋಡಿ ಗೀಟು ಹಾಕಿದ್ದೆ.

ಪತ್ರಿಕೆ ಹಿಡಿದು ಘೋಡಗೇರಿ ರಸ್ತೆಯ ಅವರ ಮನೆಗೆ ಹೋದೆ. ಎಲ್ಲಿ ತಪ್ಪಿತು ಹೇಳು ಎಂದೆ. ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು, ಎಡಗೈ ಬೆರಳನ್ನು ಸಾಲುಗಳ ಮೇಲೆ ಆಡಿಸಿದಳು.

"ಇಲ್ಲಿತನಕ ಖರೆ ಐತ್ರಿ. ಪಕ್ಷಾಂತರ ಮಾಡುಮುಂದ ಚಿಹ್ನಿ ಬದ್ಲಿ ಮಾಡಿಲ್ರಿ."

ಸಮ ಚಿಹ್ನೆಯ ಒಂದು ಬದಿಯ ಪದವನ್ನು ಇನ್ನೊಂದು ಬದಿಗೆ ಒಯ್ಯುವುದೇ ಪಕ್ಷಾಂತರ. ಆಗ ಕೂಡು ಇದ್ದದ್ದು ಕಳೆ ಆಗಬೇಕು.

"ಪಕ್ಷಾಂತರ ಮಾಡಿದ್ರ ಚಿಹ್ನಿ ಬದ್ಲಿ ಆಗ್ತೈತಿ ಅನ್ನೂದು ಊರಿಗೇ ಗೊತ್ತೈತಿ," ಎಂದ ಸಿದ್ದಪ್ಪ. ಯಾರೂ ನಗಲಿಲ್ಲ. ಅವನು ಪತ್ರಿಕೆ ತಿರುವಿ ಹಾಕಿದ. "ಎಲ್ಲಾ ಲೆಕ್ಕದಾಗೂ ಇದೊಂದ ತಪ್ಪೇನ್ರಿ?"

"ಇದೊಂದೇ."

"ಮತ್ತ ಹಂಗ್ಯಾಕ ಬರೀಲಿಲ್ರಿ ನೀವು?"

 ಮುಂದಿನ ವಾರ ಸವಿತಾ ಶಾಲೆಗೆ ಬಂದಳು; ಸಿದ್ದಪ್ಪನೇ ಕಳಿಸಿದ್ದ. ಅದೇ ಲೆಕ್ಕವನ್ನು ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದು, ತಾನು ಎಲ್ಲಿ ತಪ್ಪಿದೆನೆಂದು ತರಗತಿಗೆ ತೋರಿಸಿದಳು.

ಈಗ ನಾನು ಕೋಲು ಇಟ್ಟುಕೊಳ್ಳುವುದಿಲ್ಲ. 'ತಿದ್ದಿಸಿ' ಎಂದೂ ಬರೆಯುವುದಿಲ್ಲ. ತಪ್ಪು ಶುರುವಾಗುವ ಮುಂಚಿನ ಸಾಲಿನ ಪಕ್ಕ 'ಇಲ್ಲಿಯವರೆಗೆ ಸರಿ' ಎಂದು ಬರೆಯುತ್ತೇನೆ. ತಪ್ಪಿನ ಜಾಗ ತೋರಿಸದೆ ತಪ್ಪಿದವರನ್ನು ಮನೆಗೆ ಕಳುಹಿಸಬಾರದೆಂದು ಈ ಕೆಲಸ ಕಲಿಸಿತು. ತಡವಾಗಿ ಕಲಿತೆ. ಮೂಡಲಗಿಯಲ್ಲಿ ಏಳು ವರ್ಷ ಅದೇ ಪದ ಬರೆದಿದ್ದೆ. ಅಲ್ಲಿ ಯಾವ ತಂದೆಯೂ ಶಾಲೆಯ ತನಕ ಬರಲಿಲ್ಲ, ಸಹಿಗಳೆಲ್ಲ ಮರುದಿನವೇ ಬರುತ್ತಿದ್ದವು ಎಂದು ಡೈರಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದೇನೆ. ಪತ್ರಿಕೆ ಮರಳಿಸಿದ ಮಕ್ಕಳ ಕೈಗಳು ಹೇಗಿದ್ದವು ಎಂದು ಎಲ್ಲಿಯೂ ಬರೆದಿಲ್ಲ.