ಹೊರೆಗಲ್ಲಿಗೆ ಕಟಕಟೆ

ನಮ್ಮೂರ ಬಸ್ ನಿಲ್ದಾಣದ ಮುಂದಿನ ಚೌಕವನ್ನು ಒಡೆದು ಹೊಸದಾಗಿ ಕಟ್ಟುತ್ತಾರೆ ಅಂತ ಗೊತ್ತಾದ ದಿನ ನಾನು ಅಂಗಡಿ ಬಾಗಿಲು ಎಳೆದು ನೇರ ಜಗಳಕ್ಕೇ ಹೋದೆ. ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ಆ ಚೌಕದ ನಡುವೆ ನಮ್ಮಕ್ಕನ ಕಲ್ಲಿದೆ. ಅದನ್ನು ಜೆಸಿಬಿಯಲ್ಲಿ ಎತ್ತಿ ಲಾರಿಗೆ ಸುರಿದರೆ ಅವ್ವನಿಗೆ ಯಾವ ಮುಖ ತೋರಿಸಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಕಲ್ಲು ಅಂದರೆ ಸಮಾಧಿಯಲ್ಲ, ಹೊರೆಗಲ್ಲು. ಎರಡು ಕಂಬ ನೆಟ್ಟು ಮೇಲೊಂದು ಚಪ್ಪಡಿ ಅಡ್ಡ ಇಟ್ಟದ್ದು, ಹೆಚ್ಚುಕಮ್ಮಿ ಹೆಗಲೆತ್ತರ. ತಲೆಹೊರೆ ಹೊತ್ತು ಬಂದವರು ಯಾರನ್ನೂ ಕೈಕೊಡಿ ಅಂತ ಕರೆಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಾವೇ ತಲೆಗೇರಿಸಿಕೊಂಡು ಹೋಗಬಹುದು. ಬಸುರಿ ಹೆಂಗಸು ಹೆರದೆ ತೀರಿಕೊಂಡರೆ ಅವಳಿಗಾಗಿ ದಾರಿಯಲ್ಲಿ ಇಂಥದ್ದೊಂದನ್ನು ನಿಲ್ಲಿಸುವುದು ಹಳಬರ ಪದ್ಧತಿ. ಹೊರೆ ಇಳಿಯದೆ ಹೋದವಳು ಅವಳು. ಹೋಗಿಬರುವವರು ಅಲ್ಲಿ ಒಂದೊಂದು ಹೊರೆ ಇಳಿಸಿದಾಗಲೂ ಅವಳದೂ ಅಷ್ಟಷ್ಟೇ ಇಳಿಯುತ್ತದೆ ಅಂತ ನಂಬಿಕೆ.

ಅಕ್ಕನನ್ನು ರಾವಂದೂರಿನ ಕಡೆ ಕೊಟ್ಟಿತ್ತು. ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ನೋವು ಶುರುವಾಗಿ ಎಷ್ಟು ಹೊತ್ತಾದರೂ ಕೂಸು ಬರಲಿಲ್ಲ, ಮೈಸೂರಿಗೇ ಕರಕೊಂಡು ಹೋಗಿ ಅಂದರು. ಅಪ್ಪ, ಅವ್ವ ಅವಳನ್ನು ಚೌಕಕ್ಕೆ ತಂದು ಕೂರಿಸಿದರು. ಬಸ್ಸೂ ಬಂತು. ಅದರ ಮೆಟ್ಟಿಲು ಎತ್ತರ, ಅವಳಿಗೆ ಕಾಲೆತ್ತಲಾಗಲಿಲ್ಲ. ನಾಲ್ಕು ಜನ ಹಿಡಿದು ಹತ್ತಿಸುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಳು, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ತಿಥಿಯಾದ ಮೇಲೆ ಅಪ್ಪ ಕಲ್ಲುಕುಟಿಗರನ್ನು ಕರೆಸಿ, ಅವಳು ಕೂತಿದ್ದ ಜಾಗದಲ್ಲೇ ಕಲ್ಲು ನಿಲ್ಲಿಸಿದ.

ಅಪ್ಪನೂ ಹೋದ ಮೇಲೆ ಅವ್ವನಿಗೆ ಉಳಿದ ಸಮಾಧಾನ ಅದೊಂದೇ. ಸಂತೆಯ ದಿನ ಹೋಗಿ ಕಲ್ಲಿನ ಹತ್ತಿರ ಕೂತು ನೋಡುವಳು. ಸೌದೆಯೋ, ಹುಲ್ಲೋ, ಬದನೆಕಾಯಿ ಕುಕ್ಕೆಯೋ, ಏನು ಇಳಿದರೂ ಅವಳ ಮುಖ ಒಂದಿಷ್ಟು ಸಡಿಲವಾಗುತ್ತಿತ್ತು. ಬರಬರುತ್ತ ಆಟೋ, ಟೆಂಪೊ ಬಂದು ತಲೆಹೊರೆಯವರು ಕಮ್ಮಿಯಾದರು. ಬಸ್ಸಿಗೆ ಕಾಯುವವರು ಬ್ಯಾಗು ಇಟ್ಟರೂ ಅವ್ವನಿಗೆ ಸಂತೋಷವೇ, ಬ್ಯಾಗೂ ಭಾರವೇ ಅಲ್ಲವೇ ಅನ್ನುವಳು. ಸೊಂಟ ಮುರಿದುಕೊಂಡು ಗಾಲಿಕುರ್ಚಿಗೆ ಬಿದ್ದ ಮೇಲೆ ಚೌಕದ ಮೆಟ್ಟಿಲು ಹತ್ತಿಸುವುದು ನನ್ನ ಕೈಲಾಗಲಿಲ್ಲ. ಆಮೇಲೆ ಮನೆಗೆ ಯಾರೇ ಬರಲಿ, ಕಾಫಿ ಕುಡಿತೀರಾ ಅಂತ ಕೇಳುವ ಮುಂಚೆ ಕಲ್ಲಿನ ಮೇಲೆ ಏನಾದರೂ ಇಟ್ಟಿದ್ದರಾ ಅಂತ ಕೇಳುವಳು.

ಜಗಳಕ್ಕೆ ಹೋದವಳಿಗೆ ಪಂಚಾಯ್ತಿ ಆಫೀಸಿನಲ್ಲಿ ಎದುರಾದದ್ದು ಹೊಸ ಚೌಕದ ನಕ್ಷೆ ಮಾಡಿದ ಮೈಸೂರಿನ ಹುಡುಗಿ. ಬಾಯಿ ತೆರೆಯಲೂ ಬಿಡದೆ ಕುರ್ಚಿ ಎಳೆದು ಕೂರಿಸಿದಳು. ಕಲ್ಲನ್ನು ಅಲ್ಲಾಡಿಸುವುದೇ ಇಲ್ಲ, ಇಡೀ ಚೌಕವೇ ಅದರ ಸ್ಮಾರಕವಾಗುತ್ತದೆ ಅಂದಳು. ಮೆಟ್ಟಿಲಿದ್ದ ಕಡೆ ಇಳಿಜಾರು, ಬಸ್ಸಿನ ಬಾಗಿಲ ಮಟ್ಟಕ್ಕೆ ಪ್ಲಾಟ್‌ಫಾರಂ, ಕಣ್ಣು ಕಾಣದವರ ಕಾಲಿಗೆ ದಾರಿ ಸಿಗುವಂಥ ಉಬ್ಬುಹಾಸು. ಅಕ್ಕನ ವಿಷಯ ಊರಿನವರಿಂದ ಆಗಲೇ ಕೇಳಿದ್ದಳಂತೆ, ನಿಮ್ಮಕ್ಕನಂಥವರು ಇನ್ನು ಯಾರೂ ಬಸ್ಸಿನ ಮೆಟ್ಟಿಲಲ್ಲಿ ಸೋಲಬಾರದು ಅಂದಳು. ಮನೆಗೂ ಬಂದು ಅವ್ವನ ಕೈ ಹಿಡಿದು ಕೂತು ಎಲ್ಲ ಕೇಳಿ ಅತ್ತಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಸುಳ್ಳು ಯಾಕೆ ಹೇಳಲಿ, ಕೆಲಸ ಚೆನ್ನಾಗಿಯೇ ಆಯಿತು. ಚೌಕದ ಮೂಲೆಯಲ್ಲಿ ಕೊಡೆ ರಿಪೇರಿ ಮಾಡುವ ಭಾಯಿಗೆ ಚಿಕ್ಕಂದಿನಿಂದ ಪೋಲಿಯೊ. ಹುಣಸೂರಿಗೆ ಹೋಗಬೇಕಾದರೆ ಇಬ್ಬರು ಮೂಟೆ ಎತ್ತಿದ ಹಾಗೆ ಎತ್ತಿ ಬಸ್ಸಿಗೆ ಹಾಕಬೇಕಿತ್ತು. ಈಗ ತಾನೊಬ್ಬನೇ ಗಾಲಿಕುರ್ಚಿ ತಳ್ಳಿಕೊಂಡು ಹತ್ತಿದ, ಒಳಗೆ ಕಿಟಕಿ ಪಕ್ಕ ಕೂತು ನನಗೆ ಕೈಬೀಸಿದ. ನನ್ನ ಕಣ್ಣು ತುಂಬಿತು. ಅಕ್ಕನ ಕಾಲಕ್ಕೆ ಇದಿದ್ದಿದ್ದರೆ ಅಂತ ಹೊಟ್ಟೆ ಉರಿಯಿತು.

ಕೆಡಿಸಿದ್ದು ಊರಿನವರು, ನಮ್ಮವರೇ. ಚೌಕ ಫಳಫಳ ಆದ ಮೇಲೆ ಎಲ್ಲರಿಗೂ ಎಲ್ಲಿಲ್ಲದ ಭಕ್ತಿ ಉಕ್ಕಿತು. ಬಸುರಿಯಾಗಿ ಹೋದ ತಾಯಿ, ದೇವರಿಗೆ ಸಮಾನ, ಅವಳ ತಲೆ ಮೇಲೆ ಮೀನಿನ ಬುಟ್ಟಿ ಇಡುವುದಾ, ಎಂಜಲು ಲೋಟ ಇಡುವುದಾ ಅಂದರು. ಕಲ್ಲಿಗೆ ಅರಿಶಿನ ಕುಂಕುಮ ಬಂತು, ಸುತ್ತ ಸ್ಟೀಲಿನ ಕಟಕಟೆ ಬಂತು, ಅದಕ್ಕೊಂದು ಬೀಗವೂ ಬಂತು. ಆ ಹುಡುಗಿಯೂ ಊರಿನವರ ಭಾವನೆ ಅಂತ ಸುಮ್ಮನಾದಳು. ನಾನು ಗಂಟಲು ಹರಿಯುವ ಹಾಗೆ ಕೂಗಾಡಿದೆ. ನಿಮ್ಮಕ್ಕನಿಗೆ ಮರ್ಯಾದೆ ಮಾಡಿದರೆ ನಿನಗೇ ಯಾಕಮ್ಮ ಉರಿ ಅಂದ ಒಬ್ಬ ದೊಡ್ಡ ಮನುಷ್ಯ. ಅವನ ಬಾಯಿಗೆ ಮಣ್ಣು ಬೀಳ. ಹೊರೆ ಇಳಿಸಲಾಗದ ಮೇಲೆ ಅದು ಎಂಥ ಹೊರೆಗಲ್ಲು?

ಕಟಕಟೆ ಹಾಕಿದ್ದಾರೆ ಅಂತ ಹೇಳಿದರೆ ಅವ್ವ ನಂಬಲೇ ಇಲ್ಲ. ಕಲ್ಲಿಗೆ ಯಾರಾದರೂ ಬೇಲಿ ಹಾಕುತ್ತಾರಾ ಅಂತ ನನ್ನನ್ನೇ ಬೈದಳು. ಉದ್ಘಾಟನೆಯ ದಿನ ಸಂತೆಯೂ ಇತ್ತು. ಅವಳ ಹಟಕ್ಕೆ ಸೋತು ಕರೆದುಕೊಂಡು ಹೋದೆ. ಇಳಿಜಾರಿನಲ್ಲಿ ಕುರ್ಚಿ ಸಲೀಸಾಗಿ ಹತ್ತಿತು. ಕಲ್ಲಿನ ಮುಂದೆ ಕುರ್ಚಿ ನಿಲ್ಲಿಸಿದಾಗ ಅವ್ವ ಕಟಕಟೆಯ ಸರಳು ಹಿಡಿದು ಒಂದು ಸಲ ಅಲ್ಲಾಡಿಸಿ ನೋಡಿದಳು. ಒಳಗೆ ಕಲ್ಲು ಕಾಣದಷ್ಟು ಹೂವಿನ ಹಾರ ಬಿದ್ದಿತ್ತು.

ಅಷ್ಟರಲ್ಲಿ ಕಂಪಲಾಪುರದ ಕಡೆಯ ಬಸ್ಸಿಳಿದ ಹೆಂಗಸೊಬ್ಬಳು ತಲೆ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಅಭ್ಯಾಸದಂತೆ ನೇರ ಕಲ್ಲಿಗೇ ಬಂದಳು. ಕಟಕಟೆ ಅಡ್ಡ ಬಂತು. ಅಲ್ಲಿ ಇಡುವಂತಿಲ್ಲ, ಪೂಜೆಯಾಗಿದೆ ಅಂತ ಕಾವಲಿನವನು ತಡೆದ. ಅವಳು ಕುಕ್ಕೆ ಇಳಿಸಿಕೊಡುವವರಿಗಾಗಿ ಸುತ್ತ ನೋಡಿದಳು. ಜನವೆಲ್ಲ ಪೆಂಡಾಲಿನ ಕಡೆ ತಿರುಗಿ ಭಾಷಣ ಕೇಳುತ್ತಿತ್ತು. ಅವಳ ಕುತ್ತಿಗೆ ನಡುಗುತ್ತಿದ್ದುದು ನನಗೂ ಕಂಡಿತು, ಅವ್ವನಿಗೂ ಕಂಡಿತು.

"ಬಾ ಮಗ ಇಲ್ಲಿ," ಅಂದಳು ಅವ್ವ. "ನನ್ ತೊಡೆ ಮ್ಯಾಲೆ ಮಡಗು."

ಹೆಂಗಸು ಅವಳ ಮುಖ ನೋಡಿ ಹಿಂಜರಿದಳು. ಅವ್ವ ಎರಡೂ ಕೈ ಚಾಚಿದಳು. ಬೇರೆ ದಾರಿಯಿಲ್ಲದೆ ನಾನೇ ಕುಕ್ಕೆಗೆ ಕೈಕೊಟ್ಟು ಇಳಿಸಿದೆ. ನೀರು ಚಿಮುಕಿಸಿದ ಸೊಪ್ಪು, ಕಲ್ಲಿನಂತೆ ತೂಗುತ್ತಿತ್ತು. ಅವ್ವನ ಸೀರೆ ಒದ್ದೆಯಾಗಿ ನೀರು ಕಾಲಿಗೆ ಇಳಿಯತೊಡಗಿತು. ಹೆಂಗಸು ಕಟಕಟೆಗೆ ಒರಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಉಸಿರು ಬಿಟ್ಟಳು. ಕುಕ್ಕೆಯನ್ನು ನೆಲಕ್ಕಿಡೋಣ ಅಂತ ನಾನು ಬಗ್ಗಿದರೆ ಅವ್ವ ನನ್ನ ಕೈಗೆ ಹೊಡೆದಳು. ನನಗೆ ಅಳು ತಡೆಯಲಾಗಲಿಲ್ಲ. ಭಾರ ಆಗುತ್ತದೆ, ಬಿಡವ್ವ ಅಂತ ಬೇಡಿಕೊಂಡೆ.

"ಆಗ್ಲಿ ಬುಡು," ಅಂದಳು ಅವ್ವ, ಕುಕ್ಕೆಯನ್ನು ತಬ್ಬಿಕೊಂಡು. "ಅವಳ್ದು ವಸಿ ಇಳೀಲಿ."