ಬೀಗ ಹಾಕಿದ ಕಿವಿ

ಔರಾದ್ ಸೀಮೆಯಲ್ಲಿ ಚಂದ್ರಭಾಗಾಳ ಕುರಿ ಯಾವುದೆಂದು ಹೇಳಲು ಚಂದ್ರಭಾಗಾಳೇ ಬೇಕಿರಲಿಲ್ಲ. ಎಡಗಿವಿಯ ತುದಿಯಲ್ಲಿ ಒಂದು ಕಚ್ಚು, ಬಲಗಿವಿಯ ಕೆಳ ಅಂಚಿನಲ್ಲಿ ಎರಡು. ಅವಳು ಹೊಸ ಸೊಸೆಯಾಗಿ ಬಂದಾಗ ಅತ್ತೆ ಸಖುಬಾಯಿ ಕೈಗೆ ಚೂರಿ ಕೊಟ್ಟು ಕಲಿಸಿದ ಗುರುತು ಅದು. ಮರಿಯನ್ನು ತೊಡೆಯ ಮೇಲೆ ಮಲಗಿಸಿ, ಕೂಸಿಗೆ ಕಿವಿ ಚುಚ್ಚಿಸುವಷ್ಟೇ ಜೋಪಾನವಾಗಿ ಕತ್ತರಿಸಿ ಅರಿಶಿನ ಒತ್ತಬೇಕು. ಒಮ್ಮೆ ತಪ್ಪಿಸಿಕೊಂಡ ಕುರಿಯನ್ನು ಕಮಲನಗರದ ಸಂತೆಯಲ್ಲಿ ಕಂಡ ಗಡಿಯಾಚೆಯ ಮರಾಠಿ ಮಾತಿನ ಕುರಿಗಾರನೊಬ್ಬ, ಬರೀ ಕಿವಿ ನೋಡಿ ಅವಳ ಮನೆಯವರೆಗೆ ಹೊಡೆದುಕೊಂಡು ಬಂದಿದ್ದ.

ಮೂರು ವರ್ಷದ ಹಿಂದೆ ಬೀದರಿನ ಕಂಪನಿಯೊಂದರಿಂದ ಅಮೋಲ್ ಎಂಬ ಹುಡುಗ ಬೈಕಿನಲ್ಲಿ ಬಂದ. ಚೀಲದ ತುಂಬ ಕುರಿಯ ಕಿವಿಗೆ ಚುಚ್ಚುವ ಹಳದಿ ಬಿಲ್ಲೆಗಳು, ಒಳಗೆ ಚಿಪ್.

"ಹುಟ್ಟಿದ ದಿನ, ಲಸಿಕಿ, ತಾಯಿ ಯಾವುದು, ಎಲ್ಲಾ ಮೊಬೈಲಿನಾಗ ಕಾಣ್ತದರಿ ಅಕ್ಕೋರ. ಆದ್ರ ಕಿವಿ ಕತ್ತರಿಸಬ್ಯಾಡ್ರಿ, ಬಿಲ್ಲಿ ಹರಕೊಂಡು ಬೀಳ್ತದ."

ಲಸಿಕೆಯ ತಾರೀಖು ಮರೆಯುವುದೇ ಅವಳಿಗೆ ತಲೆನೋವಾಗಿತ್ತು. ಒಪ್ಪಿದಳು. ಸುಮಾರು ಮೂರು ವರ್ಷ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಬಿಲ್ಲೆ ಬಂದ ಮೇಲೆ ಹುಟ್ಟಿದ ಯಾವ ಮರಿಯ ಕಿವಿಗೂ ಚೂರಿ ತಾಗಲಿಲ್ಲ. ಪಕ್ಕದ ಊರಿನ ಗೋರಖನಾಥನೂ ಅದೇ ಬಿಲ್ಲೆ ಹಾಕಿಸಿದ.

ಈ ಸಲ ಉಣ್ಣೆ ಕತ್ತರಿಸಿ, ಬೆನ್ನಿಗೆ ಹಚ್ಚಿದ್ದ ಗುರುತಿನ ಬಣ್ಣವೂ ಹೋಗಿದ್ದ ವಾರ, ಗುಡುಗಿಗೆ ಬೆದರಿ ಇಬ್ಬರ ಹಿಂಡೂ ಒಂದರೊಳಗೊಂದು ನುಗ್ಗಿದವು. ಹಳೆಯ ಕುರಿಗಳನ್ನು ಕಿವಿ ನೋಡಿ ಅರ್ಧ ತಾಸಿನಲ್ಲಿ ಬೇರೆ ಮಾಡಿದರು. ಉಳಿದದ್ದು ಬಿಲ್ಲೆಯ ಎಳೆ ಕುರಿಗಳು.

"ಈ ಹನ್ನೊಂದು ನಮ್ಮವು, ಗೋರಖಣ್ಣಾ. ಮುಖ ನೋಡಿ ಹೇಳ್ತೇನಿ."

"ಮುಖ ನನಗೂ ಗೊತ್ತದ, ಚಂದ್ರಭಾಗಾಬಾಯಿ. ಅದರಾಗ ನಾಕು ನಮ್ಮವು. ನಿನ್ನ ಮೊಬೈಲಿಗಿ ಕೇಳು, ಅದೇನಂತದ?"

ಮೊಬೈಲು ಏನೂ ಅನ್ನಲಿಲ್ಲ. ಆ್ಯಪ್ ತೆರೆಯಲೇ ಇಲ್ಲ.

ಒಂದು ಬಿಲ್ಲೆ ಕಳಚಿಕೊಂಡು ಅವಳು ಬೀದರಿಗೆ ಹೋದಳು. ಅಲ್ಲಿನ ಚಿದ್ರಿ ಬಡಾವಣೆಯ ಕಂಪನಿ ಆಫೀಸಿನಲ್ಲಿ ಅಮೋಲ್ ನೀರು ಕೊಟ್ಟ.

"ಹಳೀ ಆ್ಯಪ್ ಬಂದ್ ಆಗ್ಯದರಿ. ಹೊಸ ಮಷೀನ್ ಬಂದದ, ಹೊಸ ಬಿಲ್ಲಿ ಹಾಕಿಸ್ರಿ. ಹಳೀದು ಇದು ಓದಂಗಿಲ್ಲ."

"ನಾ ಬರೆಸಿದ್ದೆಲ್ಲಾ ಎಲ್ಲಿ ಅದ?"

"ಕಂಪನಿ ಕಡಿ ಇತ್ತರಿ."

"ಕುರಿ ನಂದು, ಹೆರಿಗಿ ಮಾಡಿಸಿದಾಕಿ ನಾ. ಕಂಪನಿ ಕಡಿ ಹ್ಯಾಂಗ ಹೋಯ್ತೋ ತಮ್ಮಾ?"

ಅವಳು ನೀರು ಕುಡಿಯದೆ ಎದ್ದು ಭಾಲ್ಕಿ ಬಸ್ ಹತ್ತಿದಳು. ಅಲ್ಲಿ ಮೊಬೈಲ್ ರಿಪೇರಿ ಮಾಡುವ ಕಲೀಮನಿಗೆ, ಸತ್ತ ಫೋನಿಗೂ ಮಾತು ಬರಿಸುವವನೆಂದು ಹೆಸರು. ಬಿಲ್ಲೆಯನ್ನು ಯಂತ್ರಕ್ಕಿಟ್ಟು ತುಸು ಹೊತ್ತು ನೋಡಿದ.

"ಚಿಪ್ ಜಿಂದಾ ಅದ, ಅಕ್ಕಾ. ಬೀಗ ಹಾಕ್ಯಾರ. ಇಂಥಾದ್ದು ಹ್ಯಾಂಗ ಬರೀಬೇಕಂತ ದುನಿಯಾನೇ ಒಪ್ಪಿದ ಒಂದು ರೀತಿ ಅದ. ಆ ರೀತಿಲೇ ಬರೆದಿದ್ರ ನನ್ನ ಈ ಮುರುಕ ಮಷೀನೂ ಓದ್ತಿತ್ತು. ಅವರು ಬೇಕಂತಲೇ ಹಂಗ ಬರೆದಿಲ್ಲ."

"ಯಾಕ?"

"ಎಲ್ಲಾರಿಗೂ ಓದಾಕ ಬಂದ್ರ, ನೀವು ಮತ್ತ ಅವರ ಬಾಗಿಲಿಗಿ ಯಾಕ ಹೋಗ್ತೀರಿ?"

ಬಸ್ಸಿನಲ್ಲಿ ಕೂತು ಅವಳು ಬಿಲ್ಲೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಒಂದಕ್ಷರ ಬಾರದ ಸಖುಬಾಯಿ ಹಾಕಿದ ಕಚ್ಚನ್ನು ಗಡಿಯಾಚೆಯ ಕುರಿಗಾರನೂ ಓದಿದ. ಇಷ್ಟೆಲ್ಲ ಕಲಿತವರು ಕೂತು, ಯೋಚಿಸಿ, ಕುರಿ ಸಾಕಿದವಳೇ ಓದಲಾರದಂತೆ ಮಾಡಿದ್ದರು.

ಮರುದಿನ ಬೆಳಿಗ್ಗೆ, ಇಬ್ಬರೂ ಒಪ್ಪಿದಂತೆ, ಹೊಲದ ಎರಡು ತುದಿಗೆ ನಿಂತು ತಮ್ಮ ತಮ್ಮ ಕೂಗು ಹಾಕಿದರು. ಯಾರ ಕೂಗಿಗೆ ಬಂದವೋ ಅವರವು. ಅವಳ ಹನ್ನೊಂದರಲ್ಲಿ ಏಳು ಓಡಿ ಬಂದವು. ನಾಲ್ಕು ಗೋರಖನಾಥನ ಕುರಿಗಳ ಹಿಂದೆ ಹೋದವು, ಒಂದೂ ತಿರುಗಿ ನೋಡಲಿಲ್ಲ.

"ಒಪ್ಪಿದ ಮಾತು ಮಾತೇ, ಚಂದ್ರಭಾಗಾಬಾಯಿ," ಎಂದ ಗೋರಖನಾಥ, ನೆಲ ನೋಡುತ್ತ.

ಅವಳು ಹೌದೆಂದು ತಲೆಯಾಡಿಸಿದಳು. ಆ ನಾಲ್ಕರಲ್ಲಿ ಒಂದಕ್ಕೆ ಹಿಂಗಾಲಿನ ಒಳಮಗ್ಗುಲಲ್ಲಿ ಬಿಳಿ ಮಚ್ಚೆಯಿತ್ತು. ಅದು ಹುಟ್ಟಿದ ದಿನವೇ ಅವಳು ಆ ಮಚ್ಚೆಯನ್ನು ಆ್ಯಪಿನಲ್ಲಿ ಬರೆಸಿದ್ದಳು.

ಎಂಟು ದಿನದ ಮೇಲೆ ಅಮೋಲ್ ಹೊಸ ಬಿಲ್ಲೆಗಳ ಚೀಲದೊಂದಿಗೆ ಬಂದಾಗ ಚಂದ್ರಭಾಗಾಳ ತೊಡೆಯ ಮೇಲೆ ಮರಿಯಿತ್ತು, ಕೈಯಲ್ಲಿ ಚೂರಿ.

"ಭಾಲ್ಕಿ ಕಲೀಮನ ಮಷೀನಿಗಿ ಓದಾಕ ಬರೋ ಬಿಲ್ಲಿ ತಂದಿ ಏನು?"

"ಅದು ಹ್ಯಾಂಗರಿ, ಕಂಪನಿ..."

"ಹಂಗಾದ್ರ ಬೈಕ್ ಇಲ್ಲಿ ಚಾಲೂ ಮಾಡಬ್ಯಾಡ. ದಾರಿತನಕ ನೂಕ್ಕೊಂಡು ಹೋಗು. ಮರಿ ಬೆದರ್ತದ."

ಅವನು ನೂಕಿಕೊಂಡೇ ಹೋದ. ಅವಳು ಎಡಗಿವಿಯ ತುದಿಯನ್ನು ಬೆರಳಿನಲ್ಲಿ ಮೆಲ್ಲಗೆ ಬಿಡಿಸಿ ಹಿಡಿದಳು.