ಉಂಡ್ಯೇನು ಎಂದು ಕೇಳದ ಕರೆ

ಇವತ್ತು ಚಟ್ನಿ ಅರೆಯುತ್ತಿದ್ದಾಗ ಮಿಕ್ಸಿಯ ವೈರು ಸುಟ್ಟುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಕೂತುಬಿಟ್ಟೆ. ಅವತ್ತು ನಾನು ಓಡೋಡಿ ಹೋಗಿ ತಲುಪಿದಾಗ ಕೂಡ್ಲಿಗಿಯ ನಮ್ಮ ಆಫೀಸೂ ಹೀಗೇ ನಾರುತ್ತಿತ್ತು...

ನನಗೆ ಕೆಲಸ ಕಲಿಸಿದ ಸರ್ ಅಲ್ಲಿದ್ದರು, ನಾನು ಹಡಗಲಿ ಶಾಖೆಯಲ್ಲಿ. ಅಂಗಡಿಗಳ ಕ್ಯಾಮೆರಾ ನೋಡಿಕೊಳ್ಳುವುದು ನಮ್ಮ ಕೆಲಸ. ರೆಕಾರ್ಡಿಂಗ್ ಎಲ್ಲ ದೂರದ ಕ್ಲೌಡ್ ಸರ್ವರ್‌ಗೆ ಹೋಗುತ್ತಿತ್ತು. ಅದರೊಳಗೆ ಹೋಗುವ ದಾರಿಗಳನ್ನೆಲ್ಲ ಸರ್ ಮುಚ್ಚಿ, ಒಂದನ್ನಷ್ಟೇ ಉಳಿಸಿದ್ದರು. ಅದು ತೆರೆಯಬೇಕಾದರೆ ಅವರು ಕೇಳಬೇಕು, ನಾನು ನನ್ನ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಅದಕ್ಕೂ ಮೊದಲು ಅವರ ಕರೆ ಬರಬೇಕು, ಮೊದಲ ಮಾತು "ತಂಗಿ, ಉಂಡ್ಯೇನು?" ಎಂದೇ ಇರಬೇಕು.

"ಹಂಗ ಕೇಳದಿದ್ರ, ನನ್ನ ಜೀವಾ ಹೋದ್ರೂ ಒತ್ತಬ್ಯಾಡ" ಅಂದಿದ್ದರು. ಎಂಥಾ ಮನುಷ್ಯರಪ್ಪಾ ಎಂದು ನಾನು ನಗುತ್ತಿದ್ದೆ.

ಕೂಡ್ಲಿಗಿಯಲ್ಲಿ ಹಾಡಹಗಲೇ ಒಬ್ಬ ಹೋಟೆಲ್‌ನವನನ್ನು ಮೂವರು ಮಚ್ಚಿನಿಂದ ಕಡಿದು ಕೊಂದರು. ಎದುರಂಗಡಿಯ ನಮ್ಮ ಕ್ಯಾಮೆರಾ ಅದನ್ನು ಹಿಡಿದಿತ್ತು. ಸಂಜೆಗೆ ಪೊಲೀಸರು ಆ ರೆಕಾರ್ಡಿಂಗ್ ಪಡೆಯಲು ಬರುವವರಿದ್ದರು. ಮಧ್ಯಾಹ್ನವೇ ಕೊಂದವರು ಬಂದರು. ಆಫೀಸಿನಲ್ಲಿದ್ದ ಹಳೆಯ ರೆಕಾರ್ಡರ್ ಪೆಟ್ಟಿಗೆಯಲ್ಲೇ ಎಲ್ಲ ಇದೆ ಎಂದುಕೊಂಡು ಅದನ್ನು ಕೊಡಲಿಯಿಂದ ಚಚ್ಚಿ ಬೆಂಕಿ ಹಚ್ಚಿದರು. ಕೆಲಸ ಮುಗೀತು ಎಂದು ಹೊರಟೂ ಇದ್ದರು. ಆದರೆ ಯಾರಾದರೂ ತಪ್ಪು ತಿಳಿದರೆ ತಿದ್ದದೆ ಬಿಡುವ ಜಾಯಮಾನ ಸರ್‌ದಲ್ಲ.

"ಅದು ಇದ್ರಾಗ ಇಲ್ಲಲೇ, ಕ್ಲೌಡ್‌ನಾಗ ಐತಿ" ಅಂದುಬಿಟ್ಟರು. ಅಯ್ಯೋ, ಆ ಬಾಯಿ ಒಂದು ಗಳಿಗೆ ಸುಮ್ಮನಿರಬಾರದಿತ್ತೇ!

ಅವರ ಎಡಗೈ ಬೆರಳುಗಳನ್ನು ಒಂದೊಂದಾಗಿ ಮುರಿದರು. ಆಮೇಲೆ ನನಗೆ ಕರೆ ಬಂತು.

"ತಂಗಿ... ದಾರಿ ತಗಿ."

ಹಿಂದೆ ಬಡಿಯುವ ಸದ್ದು, ಬೈಗುಳ. ಒತ್ತಿದರೆ ಸಾಕ್ಷಿ ಅಳಿಸುತ್ತಾರೆ, ಒತ್ತದಿದ್ದರೆ ಸರ್ ಉಳಿಯುವುದಿಲ್ಲ. ಹೇಗಾದರೂ ತಿರುಗಿ ಕೇಳಲಿ ಎಂದು ನಾನೇ ಕೇಳಿದೆ: "ಸರ್, ನೀವು ಉಂಡ್ರೇನ್ರಿ?"

"ಇಲ್ಲವ್ವಾ" ಅಂದರು. ನನ್ನನ್ನು ಕೇಳಲಿಲ್ಲ.

ಬೇಡ ಎಂದು ಒತ್ತಿ ಪೊಲೀಸರಿಗೆ ಫೋನು ಮಾಡಿದೆ. ಅವರು ಹೋಗುವಷ್ಟರಲ್ಲಿ ಸರ್ ಕುತ್ತಿಗೆಗೆ ಮಚ್ಚು ಬಿದ್ದಿತ್ತು. ಆಫೀಸಿನ ಗೋಡೆಯಲ್ಲಿದ್ದ, ವೈರಿಲ್ಲದೆ ಸಿಮ್‌ನಿಂದಲೇ ನಡೆಯುವ ಕ್ಯಾಮೆರಾ ಇಷ್ಟನ್ನೂ ಅದೇ ಸರ್ವರ್‌ಗೆ ಕಳಿಸಿತ್ತು; ಅಲ್ಲಿ ನಡೆದದ್ದನ್ನು ನಾನು ಆಮೇಲೆ ನೋಡಿದ್ದು ಅದರಲ್ಲೇ. ಹೋಟೆಲ್‌ನವನದೂ ಸರ್‌ದೂ ಎರಡೂ ಕೊಲೆಗೆ ಸಾಕ್ಷಿ ಉಳಿಯಿತು. ಕೊಂದವರು ಜೈಲಿನಲ್ಲಿದ್ದಾರೆ. ನನಗೆ ಮಾತ್ರ ಈಗಲೂ ಸರ್ ಮೇಲೇ ಸಿಟ್ಟು. ಯಾಕೆ ತಿದ್ದಿದಿರಿ...

ಸುಟ್ಟ ಮಿಕ್ಸಿಯನ್ನು ಹೊರಗಿಡುತ್ತಿದ್ದಾಗ ಫೋನು ಬಂತು. ಸರ್ ಕುರ್ಚಿಯಲ್ಲಿ ಈಗ ಕೂರುವವರು. ನಾನು ಕಲಿಸಿದ ಹಾಗೆ ಮೊದಲು ಅದನ್ನೇ ಕೇಳಿದರು: "ಮೇಡಂ, ಉಂಡ್ರೇನ್ರಿ?"

ಹೂಂ ಅಂದು ಒತ್ತಿದೆ. ಚಟ್ನಿ ಅರ್ಧಕ್ಕೇ ನಿಂತಿತ್ತು; ನಾನು ಉಂಡಿರಲಿಲ್ಲ.